ಕೆಟ್ಟ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಹಳೇ ಕಂಪ್ಯೂಟರ್‌ಗೆ ಹಾಕಿದರೆ ನಡೆಯುತ್ತಾ? ಅಂಗಡಿಯವರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ

ಮಳೆಗಾಲದ ಸಿಡಿಲು, ಬೇಸಿಗೆಯ ವೋಲ್ಟೇಜ್ ಏರಿಳಿತ, ವಯಸ್ಸಾದ ಯುಪಿಎಸ್. ಕಾರಣ ಯಾವುದೇ ಇರಲಿ, ಅಂಗಡಿಯ ಕಂಪ್ಯೂಟರ್ ಒಂದು ಬೆಳಗ್ಗೆ ಆನ್ ಆಗದೇ ಹೋದರೆ ಮಾಲೀಕರ ಮೊದಲ ಪ್ರಶ್ನೆ ಒಂದೇ: ಲೆಕ್ಕ ಎಲ್ಲಾ ಹೋಯ್ತಾ? ಎರಡನೇ ಪ್ರಶ್ನೆ: ಮನೆ ಅಟ್ಟದ ಮೇಲೆ ಹಳೇ ಕಂಪ್ಯೂಟರ್ ಒಂದಿದೆಯಲ್ಲ, ಈ ಹಾರ್ಡ್ ಡಿಸ್ಕ್ ಬಿಚ್ಚಿ ಅದಕ್ಕೆ ಹಾಕಿದರೆ ಕೆಲಸ ನಡೆಯುತ್ತಾ?

ಬಹಳಷ್ಟು ಸಲ ಸುಟ್ಟಿರುವುದು ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್. ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಅದನ್ನು ಹಳೇ ಕಂಪ್ಯೂಟರ್‌ಗೆ ಹಾಕಬಹುದು. ವಿಂಡೋಸ್ ಹಾಗೇ ತೆರೆದುಕೊಳ್ಳುವುದೂ ಉಂಟು, ನೀಲಿ ಪರದೆ ಬಂದು ನಿಲ್ಲುವುದೂ ಉಂಟು. ಆದರೆ ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ್ದು ಒಂದು. ವಿಂಡೋಸ್ ಏಳಲಿಲ್ಲ ಅಂದ ಮಾತ್ರಕ್ಕೆ ಡೇಟಾ ಹೋಯಿತು ಅಂತ ಅರ್ಥವಲ್ಲ. ಡೇಟಾ ನಿಜವಾಗಿ ಹೋಗುವುದು ಹೆಚ್ಚಾಗಿ ಅದರ ನಂತರ, ಆತುರದಲ್ಲಿ 'ಫಾರ್ಮ್ಯಾಟ್' ಒತ್ತಿದಾಗ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಡೇಟಾ ಕಾಪಿ, ಆಮೇಲೆ ಬೂಟ್ ಮಾಡುವ ಪ್ರಯತ್ನ.

ಡಿಸ್ಕ್ ಒಂದೇ, ಒಳಗಿರುವುದು ಎರಡು

ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ಎರಡು ಬಗೆಯ ಸಾಮಾನು ಇರುತ್ತದೆ. ಒಂದು, ನಿಮ್ಮ ಫೈಲ್‌ಗಳು: ಬಿಲ್, ಟ್ಯಾಲಿ ಲೆಕ್ಕ, ಫೋಟೊ, ಪತ್ರ, ಪಿಡಿಎಫ್. ಇವಕ್ಕೆ ಯಾವ ಕಂಪ್ಯೂಟರ್ ಅನ್ನುವ ಹಂಗಿಲ್ಲ. ಡಿಸ್ಕ್ ಓದುವಂತಿದ್ದು, ಲಾಕ್ ಆಗಿಲ್ಲದಿದ್ದರೆ ಎಲ್ಲಿ ಬೇಕಾದರೂ ತೆರೆಯುತ್ತವೆ.

ಎರಡನೆಯದು ಆಪರೇಟಿಂಗ್ ಸಿಸ್ಟಂ, ಅಂದರೆ ವಿಂಡೋಸ್ ಅಥವಾ ಲಿನಕ್ಸ್. ಇದು ತಾನು ಇನ್‌ಸ್ಟಾಲ್ ಆದ ಕಂಪ್ಯೂಟರ್‌ನ ಮದರ್‌ಬೋರ್ಡ್, ಡಿಸ್ಕ್ ಕಂಟ್ರೋಲರ್, ಡಿಸ್‌ಪ್ಲೇ ಎಲ್ಲ ನೋಡಿಕೊಂಡು ತನ್ನನ್ನು ಹೊಂದಿಸಿಕೊಂಡಿರುತ್ತದೆ. ಬೇರೆ ಕಂಪ್ಯೂಟರ್‌ಗೆ ಹಾಕಿದಾಗ ತಕರಾರು ತೆಗೆಯುವುದು ಇದು. ಹಳೆಯದರಿಂದ ಹೊಸ ಕಂಪ್ಯೂಟರ್‌ಗೆ ಹೋಗುವುದಕ್ಕಿಂತ ಹೊಸದರಿಂದ ಹಳೆಯದಕ್ಕೆ ಬರುವಾಗ ತಕರಾರು ಜಾಸ್ತಿ. ಯಾಕೆಂದರೆ ಹೊಸ ವಿಂಡೋಸ್ ಕೇಳುವ ಕೆಲವು ಸೌಲಭ್ಯಗಳು ಹಳೇ ಬೋರ್ಡ್‌ನಲ್ಲಿ ಇರುವುದೇ ಇಲ್ಲ.

ಮೊದಲ ಕೆಲಸ: ಡೇಟಾ ಕಾಪಿ

ಡಿಸ್ಕ್ ಬಿಚ್ಚಿದ ತಕ್ಷಣ ಹಳೇ ಕಂಪ್ಯೂಟರ್‌ನ ಒಳಗೆ ಕೂರಿಸುವ ಅಗತ್ಯವಿಲ್ಲ. ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್ ಅಥವಾ ಕೇಸ್ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಮೂಲಕ ಕೆಲಸ ಮಾಡುತ್ತಿರುವ ಯಾವುದೇ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಹಾಗೆ ಜೋಡಿಸಬಹುದು. ಲ್ಯಾಪ್‌ಟಾಪ್‌ನ 2.5 ಇಂಚಿನ ಡಿಸ್ಕ್ ಯುಎಸ್‌ಬಿ ಕರೆಂಟ್‌ನಲ್ಲೇ ನಡೆಯುತ್ತದೆ. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು. ಆದ್ದರಿಂದ ಪ್ರತ್ಯೇಕ ಅಡಾಪ್ಟರ್ ಇರುವ ಕೇಬಲ್ಲನ್ನೇ ಕೇಳಿ ತೆಗೆದುಕೊಳ್ಳಬೇಕು.

ಜೋಡಿಸಿದಾಗ ಕೆಲವೊಮ್ಮೆ 'ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂಬ ಸಂದೇಶ ಬರುತ್ತದೆ. ಅಲ್ಲಿ ಒತ್ತಬೇಕಾದ್ದು 'ಕ್ಯಾನ್ಸಲ್' ಮಾತ್ರ. ಈ ಸಂದೇಶದ ಅರ್ಥ ಡಿಸ್ಕ್ ಖಾಲಿ ಅಂತಲ್ಲ, ಈ ಕಂಪ್ಯೂಟರ್‌ಗೆ ಅದು ಅರ್ಥವಾಗುತ್ತಿಲ್ಲ ಅಂತ ಅಷ್ಟೇ. ಉದಾಹರಣೆಗೆ, ಹೊಸ ಬಗೆಯ ಜಿಪಿಟಿ ಡಿಸ್ಕನ್ನು 32 ಬಿಟ್ ವಿಂಡೋಸ್ ಎಕ್ಸ್‌ಪಿ ಓದುವುದೇ ಇಲ್ಲ. ಅದೇ ಡಿಸ್ಕ್ ವಿಂಡೋಸ್ 10 ಇರುವ ಕಂಪ್ಯೂಟರ್‌ನಲ್ಲಿ ಸರಾಗವಾಗಿ ತೆರೆಯುತ್ತದೆ.

'ಈ ಫೋಲ್ಡರ್ ತೆರೆಯಲು ಅನುಮತಿ ಇಲ್ಲ' ಅಂತ ಬಂದರೆ ಗಾಬರಿ ಬೇಡ. ಅದು ಹಳೇ ಕಂಪ್ಯೂಟರ್‌ನ ಯೂಸರ್ ಹೆಸರಿನಲ್ಲಿದ್ದ ಫೋಲ್ಡರ್. ಅಡ್ಮಿನ್ ಖಾತೆಯಲ್ಲಿ 'ಕಂಟಿನ್ಯೂ' ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ.

ಕಾಪಿ ಮಾಡುವಾಗ ಅಂಗಡಿಯವರು ಮರೆಯುವ ಜಾಗಗಳು ಇವು:

- ಟ್ಯಾಲಿ ಡೇಟಾ ಫೋಲ್ಡರ್: ಕಂಪನಿಗಳ ಲೆಕ್ಕ 10000, 10001 ಹೀಗೆ ಅಂಕಿ ಹೆಸರಿನ ಫೋಲ್ಡರ್‌ಗಳಲ್ಲಿರುತ್ತದೆ. ಅಂಕಿ ನೋಡಿ ಬೇಡದ್ದು ಅಂದುಕೊಳ್ಳಬೇಡಿ. 'ಡೇಟಾ' ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ.
- ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್: ಇವು ಸಿ ಡ್ರೈವ್‌ನ 'ಯೂಸರ್ಸ್' ಫೋಲ್ಡರ್ ಒಳಗೆ ಇರುತ್ತವೆ. ಡಿ ಡ್ರೈವ್ ಮಾತ್ರ ಕಾಪಿ ಮಾಡಿ ಸುಮ್ಮನಾದರೆ ಇವು ತಪ್ಪಿಹೋಗುತ್ತವೆ.
- ಬಿಲ್ಲಿಂಗ್ ಸಾಫ್ಟ್‌ವೇರ್‌ನ ಡೇಟಾಬೇಸ್: ಕೆಲವು ಪ್ರೋಗ್ರಾಂಗಳು ಲೆಕ್ಕವನ್ನು 'ಪ್ರೋಗ್ರಾಂ ಫೈಲ್ಸ್' ಅಥವಾ ಮರೆಮಾಡಿದ 'ಪ್ರೋಗ್ರಾಂ ಡೇಟಾ' ಫೋಲ್ಡರ್‌ನಲ್ಲಿ ಇಡುತ್ತವೆ. ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿ ಜಾಗ ಖಚಿತ ಮಾಡಿಕೊಳ್ಳಬೇಕು.
- ಕನ್ನಡ ಫಾಂಟ್‌ಗಳು: ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತವೆ. ವಿಂಡೋಸ್ ಫೋಲ್ಡರ್ ಒಳಗಿನ 'ಫಾಂಟ್ಸ್' ಫೋಲ್ಡರ್‌ನಿಂದ ಅವನ್ನೂ ಕಾಪಿ ಮಾಡಿಟ್ಟುಕೊಳ್ಳಬೇಕು. ಡಿಟಿಪಿ ಸೆಂಟರ್, ಪತ್ರ ಬರಹಗಾರರಿಗೆ ಇದು ಬಹಳ ಮುಖ್ಯ.

ಲೆಕ್ಕ ಉಳಿಸಿಕೊಳ್ಳುವುದು ಅನುಕೂಲದ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಂಡಿರಬೇಕು. ಕಂಪ್ಯೂಟರ್‌ನಲ್ಲಿ ಲೆಕ್ಕ ಇಡುವವರು ಬ್ಯಾಕಪ್ ಇಟ್ಟಿರಬೇಕು ಅಂತ ನಿಯಮ 57 ಹೇಳುತ್ತದೆ.

ಡಿಸ್ಕ್‌ನಲ್ಲೇ ತೊಂದರೆ ಇದ್ದರೆ

ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತೆಗೆದುಕೊಂಡರೆ ಅಥವಾ ಬಯಾಸ್‌ನಲ್ಲಿ ಡಿಸ್ಕ್ ಹೆಸರು ಒಮ್ಮೆ ಕಂಡು ಒಮ್ಮೆ ಮಾಯವಾದರೆ ಡಿಸ್ಕ್ ಸಾಯುತ್ತಿದೆ ಎಂದರ್ಥ. ಅಂಥ ಡಿಸ್ಕ್‌ನಿಂದ ಬೂಟ್ ಮಾಡುವ ಪ್ರಯತ್ನವನ್ನೇ ಮಾಡಬಾರದು. 'ಚೆಕ್ ಡಿಸ್ಕ್' ಓಡಿಸುವುದೂ ಬೇಡ. ಅದು ಡಿಸ್ಕ್ ಮೇಲೆ ಬರೆಯುವ ಕೆಲಸ, ಇರುವುದೂ ಕೆಡಬಹುದು. ಅತಿ ಮುಖ್ಯ ಫೈಲ್‌ಗಳನ್ನು ಮೊದಲು ಎತ್ತಿಕೊಂಡು ಡಿಸ್ಕ್ ಆಫ್ ಮಾಡುವುದು ಒಳ್ಳೆಯದು.

ಸಿಡಿಲಿಗೆ ಡಿಸ್ಕ್‌ನ ಸರ್ಕ್ಯೂಟ್ ಬೋರ್ಡೇ ಸುಟ್ಟಿದ್ದರೆ, ಅದೇ ಮಾದರಿಯ ಇನ್ನೊಂದು ಡಿಸ್ಕ್‌ನ ಬೋರ್ಡ್ ತಂದು ಹಾಕಿದರೆ ಸಾಲದು. ಈಗಿನ ಡಿಸ್ಕ್‌ಗಳಲ್ಲಿ ಪ್ರತಿ ಬೋರ್ಡ್‌ನ ಚಿಪ್‌ನಲ್ಲಿ ಆ ಡಿಸ್ಕ್‌ಗೆ ಮಾತ್ರ ಸೇರಿದ ಮಾಹಿತಿ ಇರುತ್ತದೆ. ಅದು ಡೇಟಾ ರಿಕವರಿ ಗೊತ್ತಿರುವವರ ಕೆಲಸ.

ಕನೆಕ್ಟರ್ ಕೂರುತ್ತಾ ನೋಡಿ

ಡೇಟಾ ಕಾಪಿ ಆದ ಮೇಲೆ ಹಳೇ ಕಂಪ್ಯೂಟರ್‌ನತ್ತ ಗಮನ ಕೊಡಬಹುದು. ಮೊದಲು ನೋಡಬೇಕಾದ್ದು ಡಿಸ್ಕ್ ಅದಕ್ಕೆ ಕೂರುತ್ತದೆಯೇ ಅಂತ.

ಐಡಿಇ: ಅಗಲವಾದ ಪಟ್ಟಿಯಂಥ ಕೇಬಲ್, 40 ಪಿನ್. 20 ವರ್ಷದ ಹಿಂದಿನ ಕಂಪ್ಯೂಟರ್‌ಗಳಲ್ಲಿ ಕಾಣುತ್ತದೆ. ಹಳೇ ಕಂಪ್ಯೂಟರ್‌ನಲ್ಲಿ ಇದು ಮಾತ್ರ ಇದ್ದರೆ ಈಗಿನ ಡಿಸ್ಕ್ ನೇರವಾಗಿ ಕೂರುವುದಿಲ್ಲ.

ಸಾಟಾ: ಸಣ್ಣ, ಚಪ್ಪಟೆ ಕನೆಕ್ಟರ್. ಡೇಟಾ ಕೇಬಲ್ 7 ಪಿನ್, ಪವರ್ 15 ಪಿನ್. ಡೆಸ್ಕ್‌ಟಾಪ್ ಡಿಸ್ಕ್‌ಗೂ ಲ್ಯಾಪ್‌ಟಾಪ್ ಡಿಸ್ಕ್‌ಗೂ ಕನೆಕ್ಟರ್ ಒಂದೇ. ಹಾಗಾಗಿ ಲ್ಯಾಪ್‌ಟಾಪ್ ಡಿಸ್ಕನ್ನು ಡೆಸ್ಕ್‌ಟಾಪ್‌ಗೆ ಹಾಕಬಹುದು. ಹೊಸ ಸಾಟಾ ಡಿಸ್ಕ್ ಹಳೇ ಸಾಟಾ ಪೋರ್ಟ್‌ನಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ವೇಗ ಮಾತ್ರ ಹಳೇ ಪೋರ್ಟಿನದು.

ಎಂ.2: ಚೂಯಿಂಗ್ ಗಮ್ ಪಟ್ಟಿಯಷ್ಟು ಉದ್ದದ ಎಸ್‌ಎಸ್‌ಡಿ. ಇದರಲ್ಲಿ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ. ಎನ್‌ವಿಎಂಇ ಆಗಿದ್ದರೆ 10-12 ವರ್ಷ ಹಳೆಯ ಬೋರ್ಡ್‌ಗಳು ಅದರಿಂದ ಬೂಟ್ ಆಗುವುದು ಅಪರೂಪ. ಯುಎಸ್‌ಬಿ ಕೇಸ್‌ಗೆ ಹಾಕಿ ಡೇಟಾ ಓದಿಕೊಳ್ಳಬಹುದು, ಅಷ್ಟಕ್ಕೆ ತೃಪ್ತಿಪಡಬೇಕು.

ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಎಂಬ ಮೆಮೊರಿ ಮದರ್‌ಬೋರ್ಡ್‌ಗೇ ಬೆಸುಗೆ ಆಗಿರುತ್ತದೆ. ಅದನ್ನು ಬಿಚ್ಚಿ ಬೇರೆಡೆ ಹಾಕುವ ಪ್ರಶ್ನೆಯೇ ಇಲ್ಲ.

ಹಳೇ ಪವರ್ ಸಪ್ಲೈನಲ್ಲಿ ಸಾಟಾ ಪವರ್ ವೈರ್ ಇಲ್ಲದಿದ್ದರೆ ನಾಲ್ಕು ಪಿನ್ನಿನ ವೈರ್‌ನಿಂದ ಬದಲಿಸುವ ಅಡಾಪ್ಟರ್ ಹಾಕುತ್ತಾರೆ. ಪ್ಲಾಸ್ಟಿಕ್ ಎರಕ ಹೊಯ್ದ ಕಳಪೆ ಅಡಾಪ್ಟರ್‌ಗಳು ಬಿಸಿಯಾಗಿ ಕರಗಿ ಡಿಸ್ಕ್ ಸುಟ್ಟ ಉದಾಹರಣೆಗಳಿವೆ. ಉಳಿದಿರುವ ಒಂದೇ ಡಿಸ್ಕನ್ನು ಅಂಥದ್ದಕ್ಕೆ ಒಪ್ಪಿಸುವುದು ಬೇಡ.

ಬಯಾಸ್ ಹಳೆಯದಾ, ಹೊಸದಾ?

ಕಂಪ್ಯೂಟರ್ ಆನ್ ಆದಾಗ ಡಿಸ್ಕ್‌ನಿಂದ ವಿಂಡೋಸನ್ನು ಎಬ್ಬಿಸುವ ಕೆಲಸ ಬಯಾಸ್‌ನದು. ಹಳೆಯ ಕಂಪ್ಯೂಟರ್‌ಗಳಲ್ಲಿ ಇರುವುದು ಹಳೇ ಪದ್ಧತಿಯ ಬಯಾಸ್, ಇದಕ್ಕೆ 'ಲೆಗಸಿ' ಅನ್ನುತ್ತಾರೆ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಬ್ರ್ಯಾಂಡೆಡ್ ಕಂಪ್ಯೂಟರ್‌ಗಳು ಯುಇಎಫ್ಐ ಎಂಬ ಹೊಸ ಪದ್ಧತಿಯಲ್ಲಿ ಬರತೊಡಗಿದವು.

ಡಿಸ್ಕ್‌ನ ವಿಭಾಗಗಳ ಪಟ್ಟಿ ಬರೆಯುವುದರಲ್ಲೂ ಎರಡು ಪದ್ಧತಿ ಇವೆ. ಲೆಗಸಿ ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಆಗಲು ಡಿಸ್ಕ್ ಎಂಬಿಆರ್ ಆಗಿರಬೇಕು. ಯುಇಎಫ್ಐನಲ್ಲಿ ಬೂಟ್ ಆಗಲು ಜಿಪಿಟಿ ಆಗಿರಬೇಕು. ಜಿಪಿಟಿ ಡಿಸ್ಕ್‌ನ ವಿಂಡೋಸನ್ನು ಲೆಗಸಿ ಬಯಾಸ್ ಮಾತ್ರ ಇರುವ ಕಂಪ್ಯೂಟರ್‌ಗೆ ಹಾಕಿದರೆ 'ಬೂಟ್ ಡಿವೈಸ್ ಸಿಗಲಿಲ್ಲ' ಎಂಬ ಸಂದೇಶ ಬರುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ಹಲವರು ತೀರ್ಮಾನಿಸುವುದು ಇಲ್ಲೇ. ಆದರೆ ಡಿಸ್ಕ್ ಸರಿಯಾಗಿಯೇ ಇರುತ್ತದೆ, ಇಬ್ಬರ ಭಾಷೆ ಬೇರೆ, ಅಷ್ಟೇ.

ನಿಮ್ಮ ಡಿಸ್ಕ್ ಯಾವುದು ಅಂತ ತಿಳಿಯುವುದು ಸುಲಭ. ಯುಎಸ್‌ಬಿ ಮೂಲಕ ಜೋಡಿಸಿದಾಗ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು, ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್'ನ 'ವಾಲ್ಯೂಮ್ಸ್' ಟ್ಯಾಬ್ ನೋಡಿದರೆ 'ಪಾರ್ಟಿಷನ್ ಸ್ಟೈಲ್' ಎಂಬಲ್ಲಿ ಬರೆದಿರುತ್ತದೆ.

ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸಲು ವಿಂಡೋಸ್ 10ರಲ್ಲೇ ಟೂಲ್ ಇದೆ. ಜಿಪಿಟಿಯಿಂದ ಎಂಬಿಆರ್‌ಗೆ ಬರಲು ವಿಂಡೋಸ್‌ನ ಸ್ವಂತ ದಾರಿ ಎಂದರೆ ಎಲ್ಲ ವಿಭಾಗ ಅಳಿಸುವುದು. ಅಂದರೆ ಡೇಟಾ ಪೂರ್ತಿ ಹೋಗುತ್ತದೆ. ಬೇರೆ ಕಂಪನಿಗಳ ಟೂಲ್‌ಗಳು ಅಳಿಸದೇ ಬದಲಿಸುತ್ತವೆ, ಆದರೆ ಕಾಪಿ ಇಲ್ಲದೆ ಅವಕ್ಕೆ ಕೈ ಹಾಕುವುದು ಅಪಾಯ.

ಡಿಸ್ಕ್ ಎಂಬಿಆರ್ ಆಗಿದ್ದು, ಹಾಕುವ ಕಂಪ್ಯೂಟರ್ ಯುಇಎಫ್ಐ ಆಗಿದ್ದರೆ ಬಯಾಸ್ ಸೆಟ್ಟಿಂಗ್‌ನಲ್ಲಿ 'ಸಿಎಸ್‌ಎಂ' ಅಥವಾ 'ಲೆಗಸಿ ಸಪೋರ್ಟ್' ಆನ್ ಮಾಡಿ, 'ಸೆಕ್ಯೂರ್ ಬೂಟ್' ಆಫ್ ಮಾಡಿದರೆ ಬಹುತೇಕ ಕೆಲಸ ಆಗುತ್ತದೆ.

ನೀಲಿ ಪರದೆ ಯಾಕೆ ಬರುತ್ತದೆ?

ವಿಂಡೋಸ್ ಲೋಗೊ ಬಂದು, ತಕ್ಷಣ ನೀಲಿ ಪರದೆ ಕಂಡರೆ ಸಾಮಾನ್ಯ ಕಾರಣ ಡಿಸ್ಕ್ ಕಂಟ್ರೋಲರ್‌ನ ಮೋಡ್. ಬಯಾಸ್‌ನಲ್ಲಿ ಸಾಟಾ ಮೋಡ್ ಎಂಬ ಸೆಟ್ಟಿಂಗ್ ಇರುತ್ತದೆ. ಐಡಿಇ, ಎಎಚ್‌ಸಿಐ, ರೇಡ್ ಎಂಬ ಆಯ್ಕೆಗಳು. ವಿಂಡೋಸ್ ಇನ್‌ಸ್ಟಾಲ್ ಆದಾಗ ಯಾವ ಮೋಡ್ ಇತ್ತೋ ಅದರ ಡ್ರೈವರ್ ಮಾತ್ರ ಬೂಟ್ ಹೊತ್ತಿಗೆ ಸಿದ್ಧವಾಗಿರುತ್ತದೆ. ಬೇರೆ ಮೋಡ್‌ನ ಕಂಪ್ಯೂಟರ್‌ಗೆ ಹೋದಾಗ ವಿಂಡೋಸ್‌ಗೆ ತಾನು ಕೂತಿರುವ ಡಿಸ್ಕೇ ಕಾಣುವುದಿಲ್ಲ. ಎಕ್ಸ್‌ಪಿ, ವಿಂಡೋಸ್ 7ರಲ್ಲಿ ಆಗ ಕಾಣುವುದು 7ಬಿ ಎಂದು ಕೊನೆಯಾಗುವ ಸ್ಟಾಪ್ ಕೋಡ್. ವಿಂಡೋಸ್ 8, 10, 11ರಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ಬರುತ್ತದೆ.

ಪರಿಹಾರ ಸರಳ. ಹಳೇ ಕಂಪ್ಯೂಟರ್‌ನ ಬಯಾಸ್‌ಗೆ ಹೋಗಿ ಸಾಟಾ ಮೋಡ್ ಬದಲಿಸಿ ನೋಡಬೇಕು. ಐಡಿಇ ಇದ್ದರೆ ಎಎಚ್‌ಸಿಐ, ಎಎಚ್‌ಸಿಐ ಇದ್ದರೆ ಐಡಿಇ. ಅರ್ಧದಷ್ಟು ತಾಪತ್ರಯ ಇಲ್ಲೇ ಮುಗಿಯುವುದುಂಟು.

ವಿಂಡೋಸ್ 10 ಆಗಿದ್ದು ಎರಡು ಮೂರು ಸಲ ಬೂಟ್ ವಿಫಲವಾದರೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ 'ಸ್ಟಾರ್ಟಪ್ ಸೆಟ್ಟಿಂಗ್ಸ್' ಮೂಲಕ 'ಸೇಫ್ ಮೋಡ್' ಆರಿಸಿದರೆ ವಿಂಡೋಸ್ ಬೇಕಾದ ಡ್ರೈವರನ್ನು ಹುಡುಕಿಕೊಂಡು ಏಳುವ ಸಾಧ್ಯತೆ ಇದೆ. ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದರೆ ಮುಂದಿನ ಸಲ ಮಾಮೂಲಿಯಾಗಿಯೂ ಏಳುತ್ತದೆ. ವಿಂಡೋಸ್ 7 ಇಷ್ಟು ಹೊಂದಿಕೊಳ್ಳುವುದಿಲ್ಲ. ಅದರಲ್ಲಿ ರಿಜಿಸ್ಟ್ರಿ ತಿದ್ದಬೇಕಾಗುತ್ತದೆ, ಗೊತ್ತಿರುವವರಿಂದಲೇ ಮಾಡಿಸಬೇಕು.

ಆ ರಿಪೇರಿ ಪರದೆಯಲ್ಲಿ 'ರೀಸೆಟ್ ದಿಸ್ ಪಿಸಿ' ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಬಾರದು. ಅದರಲ್ಲಿ 'ಎಲ್ಲವನ್ನೂ ತೆಗೆಯಿರಿ' ಆರಿಸಿದರೆ ಫೈಲ್ ಸಮೇತ ಹೋಗುತ್ತದೆ. 'ಫೈಲ್ ಉಳಿಸಿ' ಅಂದರೂ ಟ್ಯಾಲಿ, ಬಿಲ್ಲಿಂಗ್ ಸಾಫ್ಟ್‌ವೇರ್ ಉಳಿಯುವುದಿಲ್ಲ.

ಪ್ರೊಸೆಸರ್ ತಾಳುತ್ತಾ?

64 ಬಿಟ್ ವಿಂಡೋಸ್ 32 ಬಿಟ್ ಪ್ರೊಸೆಸರ್‌ನಲ್ಲಿ ನಡೆಯುವುದಿಲ್ಲ. ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಇದೆ. ಅದರ 2024ರ ಆವೃತ್ತಿ 24ಎಚ್2ನಿಂದ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2, ಪಾಪ್‌ಕೌಂಟ್ ಎಂಬ ಸೂಚನೆಗಳು ಇರಲೇಬೇಕು. ಕೋರ್ 2 ಡ್ಯುಯೋದಂಥ ಪ್ರೊಸೆಸರ್‌ಗಳಲ್ಲಿ ಇವು ಪೂರ್ತಿ ಇಲ್ಲ. ಹಾಗಾಗಿ ಆ ವಿಂಡೋಸ್ ಅಲ್ಲಿ ಏಳುವುದೇ ಇಲ್ಲ, ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಮೊದಲ ತಲೆಮಾರಿನ ಕೋರ್ ಐ3, ಐ5ಗಳಿಂದ ಈಚೆಗೆ ಈ ಸೂಚನೆಗಳಿವೆ.

ರ್‍ಯಾಮ್ ಲೆಕ್ಕವೂ ಮುಖ್ಯ. 64 ಬಿಟ್ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಮಿತಿ 2 ಜಿಬಿ, ವಿಂಡೋಸ್ 11ಕ್ಕೆ 4 ಜಿಬಿ. ಇದು ಏಳುವುದಕ್ಕೆ ಬೇಕಾದ ಲೆಕ್ಕ. ಟ್ಯಾಲಿ, ಬ್ರೌಸರ್ ಎರಡೂ ತೆರೆದು ಗ್ರಾಹಕರನ್ನು ಕಾಯಿಸದೆ ಬಿಲ್ ಮಾಡಬೇಕಾದರೆ ಇದರ ದುಪ್ಪಟ್ಟು ಇದ್ದರೆ ಮೇಲು.

ಬಿಟ್‌ಲಾಕರ್: ಬೀಗದ ಕೈ ಎಲ್ಲಿದೆ?

ಹೊಸ ಲ್ಯಾಪ್‌ಟಾಪ್‌ಗಳವರು ಹೆಚ್ಚು ಎಚ್ಚರ ವಹಿಸಬೇಕಾದ್ದು ಇಲ್ಲಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಹಲವು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ. ಅಂದರೆ ಬೀಗ ಬಿದ್ದಿರುತ್ತದೆ. ಆ ಬೀಗದ ಕೈ ಮದರ್‌ಬೋರ್ಡ್‌ನ ಟಿಪಿಎಂ ಚಿಪ್ ಹತ್ತಿರ ಇರುವುದರಿಂದ ಮಾಲೀಕರಿಗೆ ಬೀಗ ಇದೆ ಎಂದೇ ಗೊತ್ತಿರುವುದಿಲ್ಲ. ಡಿಸ್ಕ್ ಬೇರೆ ಕಂಪ್ಯೂಟರ್‌ಗೆ ಹೋದಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ.

ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊಬೈಲ್‌ನಲ್ಲೇ ಆ ಖಾತೆಗೆ ಲಾಗಿನ್ ಆಗಿ 'ಡಿವೈಸಸ್' ವಿಭಾಗದಲ್ಲಿ ನೋಡಬಹುದು. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವರು ಅಥವಾ ಪರಿಚಯದ ಹುಡುಗರು ತಮ್ಮ ಇಮೇಲ್ ಹಾಕಿ ಚಾಲೂ ಮಾಡಿಕೊಟ್ಟಿದ್ದರೆ ಕೀ ಅವರ ಖಾತೆಯಲ್ಲಿ ಇರುತ್ತದೆ. ಕೀ ಸಿಗದಿದ್ದರೆ ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ಒಳಗಿನ ಒಂದು ಫೈಲೂ ಸಿಗುವುದಿಲ್ಲ. ಇದಕ್ಕೆ ಅಡ್ಡದಾರಿ ಇಲ್ಲ. ಹಾಗಾಗಿ ಕಂಪ್ಯೂಟರ್ ಚೆನ್ನಾಗಿರುವಾಗಲೇ ಈ ಕೀಯನ್ನು ಒಂದು ಕಾಗದದಲ್ಲಿ ಬರೆದು ಅಂಗಡಿಯ ಲೆಕ್ಕದ ಪುಸ್ತಕದ ಜೊತೆ ಇಡುವುದು ಜಾಣತನ.

ಇನ್ನೊಂದು ವಿಷಯ. ನಾಲ್ಕು ಅಥವಾ ಆರು ಅಂಕಿಯ ಪಿನ್ ಹಾಕಿ ಲಾಗಿನ್ ಆಗುವವರಿಗೆ ಬೇರೆ ಕಂಪ್ಯೂಟರ್‌ನಲ್ಲಿ ಆ ಪಿನ್ ನಡೆಯುವುದಿಲ್ಲ. ಖಾತೆಯ ಪಾಸ್‌ವರ್ಡ್ ಗೊತ್ತಿರಬೇಕು.

ಹಾಕುವ ಕ್ರಮ

1. ಹಳೇ ಕಂಪ್ಯೂಟರನ್ನು ಅದರದೇ ಡಿಸ್ಕ್‌ನಿಂದ ಒಮ್ಮೆ ಆನ್ ಮಾಡಿ ಸರಿಯಿದೆಯೇ ನೋಡಿ. ಕೆಟ್ಟ ಪವರ್ ಸಪ್ಲೈ ಇದ್ದರೆ ಒಳ್ಳೇ ಡಿಸ್ಕೂ ಸುಟ್ಟುಹೋಗುತ್ತದೆ.

2. ಮೂಲ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ, ಬಿಚ್ಚುವ ಮುನ್ನ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಮಾಮೂಲಿ ಶಟ್‌ಡೌನ್‌ನಲ್ಲಿ ವಿಂಡೋಸ್ ಅರ್ಧ ನಿದ್ದೆಯ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಡುತ್ತದೆ. ಅದು ಬೇರೆ ಬೋರ್ಡ್‌ನಲ್ಲಿ ತೊಡಕಾಗುತ್ತದೆ.

3. ಎರಡೂ ಕಂಪ್ಯೂಟರ್‌ಗಳ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಹೋಗಲು ಬಿಡಿ. ಕಬ್ಬಿಣದ ಕ್ಯಾಬಿನೆಟ್ ಮುಟ್ಟಿ ಮೈಮೇಲಿನ ಸ್ಟ್ಯಾಟಿಕ್ ಕಳೆದುಕೊಂಡು ಡಿಸ್ಕ್ ಬಿಚ್ಚಿ.

4. ಹಳೇ ಕಂಪ್ಯೂಟರ್‌ನ ಸ್ವಂತ ಡಿಸ್ಕ್‌ನ ಕೇಬಲ್ ತೆಗೆದಿಡಿ. ಎರಡೂ ಇದ್ದರೆ ಯಾವುದರಿಂದ ಬೂಟ್ ಆಗುತ್ತಿದೆ ಎಂಬ ಗೊಂದಲ, ತಪ್ಪು ಡಿಸ್ಕ್ ಅಳಿಸುವ ಅಪಾಯ.

5. ಬಯಾಸ್‌ಗೆ ಹೋಗಿ. ಹೆಚ್ಚಿನವುಗಳಲ್ಲಿ ಡಿಲೀಟ್ ಅಥವಾ ಎಫ್2 ಕೀ. ಡಿಸ್ಕ್ ಹೆಸರು ಕಾಣುತ್ತಿದೆಯೇ ನೋಡಿ. ಈಗಿರುವ ಸೆಟ್ಟಿಂಗ್‌ಗಳ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ, ಆಮೇಲೆ ಸಾಟಾ ಮೋಡ್, ಬೂಟ್ ಮೋಡ್ ಹೊಂದಿಸಿ.

6. ದಿನಾಂಕ, ಸಮಯ ಸರಿಪಡಿಸಿ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಕಂಪ್ಯೂಟರ್‌ನ ಸಿಆರ್2032 ಬ್ಯಾಟರಿ ಸತ್ತಿರುತ್ತದೆ. ದಿನಾಂಕ ತಪ್ಪಿದ್ದರೆ ಜಿಎಸ್‌ಟಿ, ಬ್ಯಾಂಕ್ ವೆಬ್‌ಸೈಟ್‌ಗಳು ತೆರೆಯುವುದಿಲ್ಲ, ಬಿಲ್ ಮೇಲೂ ತಪ್ಪು ದಿನಾಂಕ ಬೀಳುತ್ತದೆ.

7. ಬೂಟ್ ಆಗಲು ಬಿಡಿ. ವಿಂಡೋಸ್ 8, 10ರಲ್ಲಿ 'ಸಾಧನಗಳನ್ನು ಸಿದ್ಧಪಡಿಸಲಾಗುತ್ತಿದೆ' ಎಂಬರ್ಥದ ಸಂದೇಶ ಬಂದು ಒಂದೆರಡು ಸಲ ರೀಸ್ಟಾರ್ಟ್ ಆಗುವುದು ಸಹಜ. ಮಧ್ಯೆ ಸ್ವಿಚ್ ತೆಗೆಯಬೇಡಿ.

ವಿಂಡೋಸ್ ಎದ್ದಿತು, ಮುಂದೇನು?

ಮೊದಲು ಪರದೆಯ ಅಕ್ಷರ ದಪ್ಪ ದಪ್ಪ ಕಾಣಬಹುದು. ಡಿಸ್‌ಪ್ಲೇ ಡ್ರೈವರ್ ಇಲ್ಲದ ಕಾರಣ ಅದು. ಇಂಟರ್‌ನೆಟ್ ಸಿಕ್ಕರೆ ವಿಂಡೋಸ್ ಅಪ್‌ಡೇಟ್ ಬಹುತೇಕ ಡ್ರೈವರ್‌ಗಳನ್ನು ತಾನೇ ತರುತ್ತದೆ. ಆದರೆ ಲ್ಯಾನ್ ಡ್ರೈವರೇ ಇಲ್ಲದಿದ್ದರೆ ಇಂಟರ್‌ನೆಟ್ ಎಲ್ಲಿಂದ ಬರಬೇಕು? ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿದರೆ ಸಾಮಾನ್ಯವಾಗಿ ನೆಟ್ ಬರುತ್ತದೆ.

ವಿಂಡೋಸ್ ಲೈಸೆನ್ಸ್ ವಿಷಯ: ಕಂಪ್ಯೂಟರ್ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆ ಮದರ್‌ಬೋರ್ಡ್‌ಗೆ ಕಟ್ಟುಬಿದ್ದದ್ದು, ಬೇರೆ ಕಂಪ್ಯೂಟರ್‌ಗೆ ಬರುವುದಿಲ್ಲ. ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸನ್ನು ವರ್ಗಾಯಿಸಬಹುದು. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟದ ಟ್ರಬಲ್‌ಶೂಟರ್‌ನಲ್ಲಿ ಹಾರ್ಡ್‌ವೇರ್ ಬದಲಿಸಿದ್ದಾಗಿ ತಿಳಿಸುವ ಆಯ್ಕೆ ಇದೆ.

ಟ್ಯಾಲಿ ಲೈಸೆನ್ಸ್ ಕೂಡ ಕಂಪ್ಯೂಟರ್‌ಗೆ ಕಟ್ಟಿದ್ದೇ. ಬೋರ್ಡ್ ಬದಲಾದರೆ 'ಎಜುಕೇಷನಲ್ ಮೋಡ್'ಗೆ ಹೋಗುತ್ತದೆ. ಅದರಲ್ಲಿ ಲೆಕ್ಕ ನೋಡಬಹುದು, ಆದರೆ ತಿಂಗಳ ಕೆಲವೇ ದಿನಾಂಕಗಳಿಗೆ ಎಂಟ್ರಿ ಹಾಕಲು ಬಿಡುತ್ತದೆ. ಮೂಲ ಕಂಪ್ಯೂಟರ್ ನಡೆಯುತ್ತಿದ್ದರೆ ಬಿಚ್ಚುವ ಮೊದಲೇ ಅದರಲ್ಲಿ ಲೈಸೆನ್ಸ್ 'ಸರೆಂಡರ್' ಮಾಡಬೇಕು. ಸತ್ತೇ ಹೋಗಿದ್ದರೆ ಟ್ಯಾಲಿ ಸಹಾಯವಾಣಿ ಅಥವಾ ಲೈಸೆನ್ಸ್ ಕೊಟ್ಟ ಪಾರ್ಟ್‌ನರ್ ಸಂಪರ್ಕಿಸಬೇಕು. ಸೀರಿಯಲ್ ನಂಬರ್, ನೋಂದಾಯಿತ ಇಮೇಲ್ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ತಿಂಗಳ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1ಕ್ಕೆ 11, 3ಬಿಗೆ 20ನೇ ತಾರೀಕು ಗಡುವು ಇರುವುದರಿಂದ ಇದನ್ನು ಕೊನೇ ದಿನಕ್ಕೆ ಬಿಡಬಾರದು.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ತೊಂದರೆ ಇಲ್ಲ, ಸಹಿ ಇರುವುದು ಟೋಕನ್‌ನಲ್ಲೇ.

ಲಿನಕ್ಸ್ ಇದ್ದರೆ ಸಲೀಸು

ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಹಾಕಿರುವ ಡಿಸ್ಕ್‌ಗಳು ಬೇರೆ ಕಂಪ್ಯೂಟರ್‌ಗೆ ಸುಲಭವಾಗಿ ಒಗ್ಗುತ್ತವೆ. ಹೆಚ್ಚಿನ ಡ್ರೈವರ್‌ಗಳು ಅದರೊಳಗೇ ಇರುತ್ತವೆ, ಪ್ರತಿ ಸಲ ಬೂಟ್ ಆಗುವಾಗ ಹಾರ್ಡ್‌ವೇರ್ ನೋಡಿ ಆರಿಸಿಕೊಳ್ಳುತ್ತದೆ. ಆದರೂ ಮೂರು ಕಡೆ ಎಡವಬಹುದು. ಒಂದು, ಯುಇಎಫ್ಐನಲ್ಲಿ ಹಾಕಿದ ಲಿನಕ್ಸ್ ಲೆಗಸಿ ಬಯಾಸ್‌ನಲ್ಲಿ ಹಾಗೇ ಏಳುವುದಿಲ್ಲ, ಗ್ರಬ್ ಬೂಟ್‌ಲೋಡರ್ ಮತ್ತೆ ಹಾಕಬೇಕು. ಎರಡು, ಎನ್‌ವಿಡಿಯಾ ಡ್ರೈವರ್ ಹಾಕಿದ್ದರೆ ಪರದೆ ಕಪ್ಪಾಗಬಹುದು. ಮೂರು, 64 ಬಿಟ್ ಲಿನಕ್ಸ್‌ಗೂ 64 ಬಿಟ್ ಪ್ರೊಸೆಸರ್ ಬೇಕೇ ಬೇಕು.

ವಿಂಡೋಸ್ ಡಿಸ್ಕ್ ಏಳದಿದ್ದಾಗಲೂ ಲಿನಕ್ಸ್ ನೆರವಿಗೆ ಬರುತ್ತದೆ. ಪೆನ್‌ಡ್ರೈವ್‌ನಿಂದ ಉಬುಂಟು 'ಲೈವ್' ಆಗಿ ಓಡಿಸಿ, ಇನ್‌ಸ್ಟಾಲ್ ಮಾಡದೆಯೇ ವಿಂಡೋಸ್ ಡಿಸ್ಕ್‌ನ ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳಬಹುದು.

ಒಂದೇ ನೋಟದಲ್ಲಿ

- ವಿಂಡೋಸ್ 10, ಎಂಬಿಆರ್ ಡಿಸ್ಕ್, ಸಾಟಾ ಇರುವ ಹಳೇ ಡೆಸ್ಕ್‌ಟಾಪ್: ಬಹುತೇಕ ನಡೆಯುತ್ತದೆ.
- ವಿಂಡೋಸ್ 10 ಅಥವಾ 11, ಜಿಪಿಟಿ ಡಿಸ್ಕ್, ಲೆಗಸಿ ಬಯಾಸ್ ಕಂಪ್ಯೂಟರ್: ಹಾಗೇ ಬೂಟ್ ಆಗಲ್ಲ, ಡೇಟಾ ಸಿಗುತ್ತದೆ.
- ವಿಂಡೋಸ್ 11 24ಎಚ್2, ಕೋರ್ 2 ಡ್ಯುಯೋ: ನಡೆಯಲ್ಲ, ಡೇಟಾ ಸಿಗುತ್ತದೆ.
- ವಿಂಡೋಸ್ 7: ಸಾಟಾ ಮೋಡ್ ಹೊಂದಿದರೆ ನಡೆಯುತ್ತದೆ, ಇಲ್ಲವಾದರೆ ನೀಲಿ ಪರದೆ.
- ಬಿಟ್‌ಲಾಕರ್ ಇರುವ ಡಿಸ್ಕ್: ಕೀ ಇದ್ದರೆ ಸರಿ, ಇಲ್ಲದಿದ್ದರೆ ಡೇಟಾ ಕೂಡ ಸಿಗಲ್ಲ.

ರಿಪೇರಿಗೆ ಕೊಡುವಾಗ ಹೇಳಬೇಕಾದ ಮಾತು

ರಿಪೇರಿಯವರ ಕೈಗೆ ಡಿಸ್ಕ್ ಕೊಡುವಾಗ 'ಸರಿ ಮಾಡಿಕೊಡಿ' ಅಂದರೆ ಸಾಲದು. ಹಲವರ ಮಟ್ಟಿಗೆ ಸರಿ ಮಾಡುವುದು ಎಂದರೆ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕುವುದು. 'ಫಾರ್ಮ್ಯಾಟ್ ಮಾಡಬೇಡಿ, ಮೊದಲು ಡೇಟಾ ಕಾಪಿ ಬೇಕು' ಅಂತ ಸ್ಪಷ್ಟವಾಗಿ ಹೇಳಿ, ರಸೀದಿಯಲ್ಲೂ ಬರೆಸಿಕೊಳ್ಳಬೇಕು. 'ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್' ಅಂದರೂ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲ ಇರುವುದು ಸಿ ಡ್ರೈವ್‌ನಲ್ಲೇ ಎಂಬುದು ನೆನಪಿರಲಿ. ಡಿಸ್ಕ್‌ನ ಮೇಲಿರುವ ಸೀರಿಯಲ್ ನಂಬರ್‌ನ ಫೋಟೊ ತೆಗೆದಿಟ್ಟುಕೊಂಡರೆ ಅದೇ ಡಿಸ್ಕ್ ವಾಪಸ್ ಬಂದಿದೆಯೇ ಎಂದು ನೋಡಿಕೊಳ್ಳಬಹುದು.

ಹಳೇ ಕಂಪ್ಯೂಟರ್‌ನಲ್ಲಿ ಕೆಲಸ ಶುರುವಾದರೂ ಅದನ್ನು ತಾತ್ಕಾಲಿಕ ಎಂದೇ ತಿಳಿಯಬೇಕು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ ನಿಲ್ಲಿಸಿದೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್‌ನಲ್ಲಿ ಇದನ್ನು ಗಮನದಲ್ಲಿಡಬೇಕು.

ಕೊನೆಯದಾಗಿ, ಕಂಪ್ಯೂಟರ್ ಚೆನ್ನಾಗಿರುವಾಗ ವಾರಕ್ಕೊಮ್ಮೆ ಟ್ಯಾಲಿ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ, ಅದನ್ನು ಅಂಗಡಿಯಲ್ಲಿ ಬಿಡದೆ ಮನೆಯಲ್ಲಿ ಇಟ್ಟುಕೊಂಡವರಿಗೆ ಮೇಲಿನ ಯಾವ ಪರದಾಟವೂ ಅಷ್ಟಾಗಿ ತಟ್ಟುವುದಿಲ್ಲ. ಅವರಿಗೆ ಕಂಪ್ಯೂಟರ್ ಕೆಡುವುದು ಒಂದು ದಿನದ ಖರ್ಚು, ಅಷ್ಟೇ.